ಬಾಕಿ

ಕಾಲುಚೀಲದಲ್ಲಿ ಸುತ್ತಿ ತಂದಳು ಮೇವಿಸ್ ಯಾರ್ನಲ್ಡ್.
ಕುರ್ಚಿಯ ತುದಿಗೆ ಕೂತಳು, ಕೋಟು ಬಿಚ್ಚಲಿಲ್ಲ.
"ಆರ್ಚಿಯದ್ದು. ಪೆಟ್ಟಿಗೆಯ ತಳದಲ್ಲಿತ್ತು.
ಇದು ಏನು ಅಂತ ಹೇಳಿ, ಸಾಕು. ಬೆಲೆ ಬೇಡ."

ಬರ್ಮಿಂಗ್‌ಹ್ಯಾಮಿನ ನವೆಂಬರು. ಕಿಟಕಿಯಾಚೆ
ಸ್ಟೀಲ್‌ಹೌಸ್ ಲೇನಿನಲ್ಲಿ ಬಸ್ಸುಗಳ ಕೆಂಪು ದೀಪ.
ನಾನು ಭೂತಗನ್ನಡಿ ಒರೆಸಿದೆ.

ಹಳೆಯ ಪೆಪ್ಪರ್‌ಬಾಕ್ಸಿನ ಮೈ; ಅದಕ್ಕೆ
ಆರು ನಳಿಗೆಯ ಬದಲು ಒಂದೇ ಒಂದು,
ಎರವಲು ತಂದ ಮೂಗಿನ ಹಾಗೆ.
ಮೇಲೆ ಚಪ್ಪಟೆ ಸುತ್ತಿಗೆ, ಗುರಿ ಹಿಡಿವ ಕಣ್ಣಿಗೇ ಅಡ್ಡ.
ಗುಂಡಿನ ಉರುಳೆ ತಿರುಗುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲದು,
ತೂಕಡಿಸುವ ಕಾವಲುಗಾರ, ಕೂದಲೆಳೆ ಆಚೆ, ಈಚೆ.
ಒಂದರ ಕಾಲ ಮುಗಿದಿತ್ತು, ಇನ್ನೊಂದು ಹುಟ್ಟಿರಲಿಲ್ಲ,
ಗಿರಾಕಿಯೋ ಆಗಲೇ ಬಾಗಿಲಲ್ಲಿ ನಿಂತಿದ್ದ.
ಇದ್ದದ್ದರಲ್ಲೇ ಹೊಂದಿಸಿ ಕೊಟ್ಟರು.

ಕಿರೀಟದ ಕೆಳಗೆ ಅಡ್ಡಡ್ಡ ರಾಜದಂಡ:
ಪರೀಕ್ಷೆಯ ಮುದ್ರೆ, ಒಂದೊಂದು ಕೋಣೆಗೂ ಒಂದೊಂದು.
ಕೊನೆಯದು ಅರ್ಧವೇ ಬಿದ್ದಿದೆ.
ಊಟದ ಗಂಟೆ ಹೊಡೆದಿತ್ತೋ ಏನೋ.
ನಳಿಗೆಯ ಮೇಲೆ ಬಳ್ಳಿ ಅಕ್ಷರದಲ್ಲೊಂದು ಹೆಸರು,
ಬಾತ್ ಪಟ್ಟಣದ ಅಂಗಡಿಯವನದು.
ಮಾರಿದವನು. ಮಾಡಿದವನಲ್ಲ.

ಮಾಡಿದವನಾರು?
ನನ್ನ ಮುತ್ತಜ್ಜ ಈ ಬೀದಿಯ ಹಿಂದೆಯೇ ನಳಿಗೆ ಕೊರೆದ,
ಯಾವ ಕಬ್ಬಿಣದ ಮೇಲೂ ಅವನ ಹೆಸರಿಲ್ಲ.
ಆರ್ಚಿ ಮೂವತ್ತು ವರ್ಷ ಇದನ್ನೇ ಹುಡುಕಿದನಂತೆ,
ರಜೆಯಲ್ಲಿ, ಊರೂರ ಸಂತೆ ಹಾಲುಗಳಲ್ಲಿ,
ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ.
"ಥರ್ಮಾಸಿನ ಚಹಾ ಕುಡಿದೂ ಕುಡಿದೂ
ನಾಲಗೆ ತಗಡಾಯಿತು" ಎಂದಳು.
ಸಿಟ್ಟೋ, ನಗುವೋ. ಅದರ ಮೇಲೂ ಮುದ್ರೆಯಿಲ್ಲ.

ಹಿಡಿಯ ತಿರುಪಿಗೆ ಕೈಯಿಟ್ಟೆ. ಅದರ ಗೀಟು ಇನ್ನೂ ಚೂಪು;
ಯಾರೂ ಬಿಚ್ಚಿರಲಿಲ್ಲ. ಆರ್ಚಿಗೂ
ಧೈರ್ಯ ಬಂದಿರಲಿಲ್ಲ ಕಾಣುತ್ತದೆ.
ವಾಲ್‌ನಟ್ ಹೋಳು ಬೇರೆಯಾಯಿತು. ಒಳಮೈಯಲ್ಲಿ
ಪೆನ್ಸಿಲಿನ ಗೀಚು, ಬೆವರಿಗೆ, ಬೆಳಕಿಗೆ ಸಿಗದೆ
ಕಪ್ಪಾಗಿಯೇ ಉಳಿದದ್ದು:

ಜೇಬೆಜ್‌ಗೆ, ಶನಿವಾರ. ಮೂರು ಶಿಲಿಂಗ್ ಬಾಕಿ.

ಕೊಟ್ಟರೋ ಇಲ್ಲವೋ.

ಚೀಟಿಯಲ್ಲಿ ಬರೆಯಬೇಕಾದ್ದು ನನಗೆ ಗೊತ್ತು:
ಸಂಧಿಕಾಲದ್ದು, ಸುಮಾರು ೧೮೫೨, ತಯಾರಕ ಅಜ್ಞಾತ.
ಪೆನ್ನು ತೆಗೆದೆ. ಮತ್ತೆ ಮುಚ್ಚಿಟ್ಟೆ.

ಮೇವಿಸ್ ಭೂತಗನ್ನಡಿ ಕಸಿದುಕೊಂಡು ಎರಡು ಸಲ ಓದಿದಳು,
ತುಟಿ ಅಲ್ಲಾಡಿಸಿ, ಶಾಲೆಯ ಹುಡುಗಿಯ ಹಾಗೆ.
"ಇಷ್ಟು ಹತ್ತಿರವಿತ್ತೇ," ಅಂದಳು,
"ಒಂದೇ ಒಂದು ತಿರುಪು."

ಆಮೇಲೆ ಕೋಟಿನ ಗುಂಡಿ ಬಿಚ್ಚತೊಡಗಿದಳು,
ಮೇಲಿನಿಂದ, ನಿಧಾನಕ್ಕೆ.