ಸೊನ್ನೆ ಬೀಳದ ಹಾಗೆ

ಬೆಳಗಿನ ಐದೂವರೆ, ಕೋಲಾರದ ಟೊಮೆಟೊ ಮಂಡಿ.
ಲಾರಿಯ ಪಕ್ಕ ಕ್ರೇಟುಗಳ ಗೋಡೆ,
ಗೋಡೆ ತುಂಬ ಅಕ್ಷರ.
ಸ್ಕೆಚ್‌ಬುಕ್ ಹಿಡಿದು ನಿಂತಿದ್ದೇನೆ.
ಹಮಾಲರು ‘ಸೈಡು, ಸೈಡು’ ಅಂದಾಗಲೆಲ್ಲ
ಒಂದು ಹೆಜ್ಜೆ ಹಿಂದೆ, ಕೊಳೆತ ಹಣ್ಣಿನ ಮೇಲೆ.

ಐದನೇ ಸೆಮಿಸ್ಟರ್, ಅಕ್ಷರ ವಿನ್ಯಾಸ, ನೂರು ಅಂಕ.
‘ನಿಮ್ಮೂರಿನ ಕೈಬರಹ ಹುಡುಕಿ’ ಅಂದಿದ್ದರು ರೇಣುಕಪ್ರಸಾದ್ ಸರ್,
‘ಫೋನಿನಲ್ಲಿ ಸಿಕ್ಕಿದ್ದನ್ನು ತಂದರೆ
ಹರಿದು ಕೈಗೆ ಕೊಡ್ತೀನಿ.’
ಅಸ್ಮಾಗೆ ಬಳೆ ಅಂಗಡಿಯ ಬೋರ್ಡು ಸಿಕ್ಕಿತು.
ನನಗೆ ಈ ಕ್ರೇಟು:
ಎಂ.ವಿ.ಜಿ. ಮಂಡಿ.

ಗೇಟಿನ ಬಳಿ ಗೋಣಿ ಹಾಸಿ ಕೂತ ಷಫಿಉಲ್ಲಾ
ಹಳೆಯ ಎಕ್ಸ್‌ರೇ ಹಾಳೆ ಕೊರೆಯುತ್ತಾನೆ.
ಯಾರದೋ ಪಕ್ಕೆಲುಬಿನ ನಡುವೆ
ಮೆಲ್ಲಗೆ ಇಳಿಯುತ್ತದೆ ಮ.
‘ಸೊನ್ನೆ ಸುತ್ತ ಪೂರ್ತಿ ಕುಯ್ದರೆ
ಮಧ್ಯದ್ದು ಬಿದ್ದೋಗ್ತದಮ್ಮ.
ಆಮೇಲೆ ಅದು ಸೊನ್ನೆ ಅಲ್ಲ, ಬರೀ ಬೊಟ್ಟು.
ಅದಕ್ಕೇ ಇಲ್ಲೊಂದು, ಇಲ್ಲೊಂದು ಎಳೆ ಬಿಡಬೇಕು.’

ಕ್ಲಾಸಿನಲ್ಲಿ ಅದನ್ನು ಬ್ರಿಡ್ಜ್ ಅಂತಾರೆ,
ಎರಡು ಪುಟ ನೋಟ್ಸಿದೆ ನನ್ನಲ್ಲಿ.
ಅಲ್ಲೇ ನಿಂತು ಹೊಡೆದುಹಾಕಿ
ಎಳೆ ಎಂದು ಬರೆದೆ.

‘ಏನೋದ್ತಿದ್ದೀಯ?’ ಅಂತಾರೆ ನೆಂಟರು.
ಹೇಳಿದರೆ, ‘ಓ, ಫ್ಲೆಕ್ಸಾ? ಅದಕ್ಕೂ ಡಿಗ್ರಿನಾ?’
ಅಜ್ಜಿಯ ಪ್ರಶ್ನೆ ಇನ್ನೂ ನೇರ:
‘ಅಚ್ಚರಾಲು ದಿದ್ದೇದಾನಿಕಿ ನಾಲುಗೇಂಡ್ಲಾ?’
ಒಂದನೇ ಕ್ಲಾಸಲ್ಲೇ ತಿದ್ದಿ ಮುಗಿಸಿದವಳು
ಏನು ಹೇಳಲಿ?

ಅಜ್ಜಿ ತೆಲುಗಿನಲ್ಲಿ ಬೈಯುತ್ತಾಳೆ,
ಕನ್ನಡದಲ್ಲಿ ಸಹಿ ಮಾಡುತ್ತಾಳೆ:
ಮುನೆಮ್ಮ.
ಮೈಯೆಲ್ಲ ಕನ್ನಡ, ತಲೆಕಟ್ಟು ಮಾತ್ರ ಗಡಿಯಾಚೆಯದು,
ಮೇಷ್ಟ್ರು ಹಾಕುವ ಸರಿ ಗುರುತಿನ ಹಾಗೆ
ಮೇಲಕ್ಕೆ ಚಿಮ್ಮುತ್ತದೆ.
ಬ್ಯಾಂಕಿನವರು ಎರಡು ಸಲ ವಾಪಸು ಕಳಿಸಿದ್ದಾರೆ.
ಆ ಚಿಮ್ಮನ್ನು ಕದ್ದು
ನನ್ನ ನಲವತ್ತೊಂಬತ್ತು ಅಕ್ಷರಕ್ಕೂ ತೊಡಿಸಿದೆ.

ಜ್ಯೂರಿಯ ದಿನ ಬೆಂಗಳೂರಿನಿಂದ ಬಂದವರು
ಕನ್ನಡಕ ಹಣೆಗೇರಿಸಿದರು.
‘ತಲೆಕಟ್ಟು ತಪ್ಪಿದೆಯಲ್ಲಮ್ಮ. ಇದು ತೆಲುಗಿನದು.’
ತಪ್ಪಲ್ಲ ಸಾರ್, ಅದು ಸರಿ ಗುರುತು
ಅನ್ನಬೇಕಿತ್ತು.
ಹೊಳೆದದ್ದು ಬಸ್ಸಿನಲ್ಲಿ, ನರಸಾಪುರ ದಾಟಿದ ಮೇಲೆ.

ಎಪ್ಪತ್ತೊಂದು ಅಂಕ.

ಪ್ರಿಂಟು ತಗೊಂಡು ಮಂಡಿಗೆ ಹೋದೆ.
ಷಫಿಉಲ್ಲಾ ಬೆಳಕಿಗೆ ಹಿಡಿದು ನೋಡಿದ,
ಚೆಂದ ಇದೆ ಅನ್ನಲಿಲ್ಲ.
‘ನಿನ್ನ ಸೊನ್ನೆ ನಿಲ್ಲಲ್ಲ’ ಅಂದ.
ನಾನು ಬಿಟ್ಟದ್ದು ಒಂದೇ ಎಳೆ, ಅಂದಕ್ಕೆಂದು;
ಅವನು ಕೇಳದೆ ಇನ್ನೊಂದು ಬಿಟ್ಟು ಕೊರೆದ,
ಹಾಳೆಯಿಟ್ಟು ನೀಲಿ ಬಣ್ಣ ಒತ್ತಿದ, ಎತ್ತಿದ.

ಮಂಡಿ.
ಅಜ್ಜಿಯ ತಲೆಕಟ್ಟು, ನನ್ನ ಮ,
ತೂತು ಸಮೇತ ಸೊನ್ನೆ.
ಬಣ್ಣ ಆರುವ ಮೊದಲೇ
ಹಮಾಲ ಅದರ ಮೇಲೊಂದು ಕ್ರೇಟಿಟ್ಟ,
ಲಾರಿ ನಾಗಪುರಕ್ಕೆ ಹೊರಟಿತ್ತು.