ಹೆಡಕಿನ ನಿಘಂಟು

ಎರಡನೇ ಪೀರಿಯಡ್ಡಿನಲ್ಲಿ ಹುಸೇನಮ್ಮ ಎದ್ದು ಕೇಳಿದಳು:
‘ಹಾರರ್ ಅಂದ್ರ ಏನ್ರಿ ಸರ್, ಖರೇ ಅರ್ಥ?’
ಭಯಾನಕ, ಅಂದೆ. ಬರಕೊಂಡಳು.
ಪೆನ್ನು ಅಲ್ಲೇ ನಿಂತಿತ್ತು,
ಇನ್ನೂ ಏನೋ ಬರುವುದಿದೆ ಎಂಬಂತೆ.
ಗಂಟೆ ಹೊಡೆಯಿತು.

ಸಂಜೆ ತೀನ್ ಕಂದೀಲಿನ ಹಿಂದಿನ ಓಣಿ, ಪಂಪಣ್ಣನ ಕುರ್ಚಿ.
ಎದುರುಬದುರು ಎರಡು ಕನ್ನಡಿ,
ಅವುಗಳೊಳಗೆ ಸಾಲುಗಟ್ಟಿ ನನ್ನ ಹೆಡಕು,
ಬಸ್ಸಿನಲ್ಲಿ ಮುಂದಿನ ಸೀಟಿಗೆ ಕೂತ ಯಾರದೋ ಹಾಗೆ.
ಲೈಬ್ರರಿಯಲ್ಲಿ ಕಂಡದ್ದನ್ನು ಅವನಿಗೇ ಹೇಳಿದೆ.
ಲ್ಯಾಟಿನ್ನಿನಲ್ಲಿ ಅದಕ್ಕೆ ದೆವ್ವದ ಗುರುತೇ ಇರಲಿಲ್ಲ ಪಂಪಣ್ಣ.
ಹೊರೇರೆ ಅಂದರೆ ನಿಮಿರಿ ನಿಲ್ಲುವುದು.
ನಿಮ್ಮ ಮಸ್ಕಿ ಕಡೆ ಸಜ್ಜೆ ತೆನೆ ಸುಂಕೆತ್ತಿ ನಿಲ್ಲುತ್ತದಲ್ಲ,
ಅಂಥ ಹೊಲಕ್ಕೂ ಅವರು ಅದೇ ಮಾತು ಆಡುತ್ತಿದ್ದರಂತೆ.
ಚಳಿಗೆ ನಿಂತ ಕೂದಲಿಗೂ. ಆಮೇಲೆ ಅಂಜಿಕೆಗೆ.

‘ಅಂದ್ರ ನಮ್ಮ ಕಸಬಿನ ಶಬ್ದ ಅನ್ರಿ,’
ಕತ್ತರಿ ಕಿವಿಯ ಸುತ್ತ ಹೊರಳಿತು.

ಇನ್ನೊಂದೈತಿ, ಅಂದೆ.
ಅದೇ ಬೇರು ಸಂಸ್ಕೃತದಲ್ಲಿ ಚಿಗುರಿ ಹರ್ಷ ಆಯಿತಂತೆ.
ಒಂದೇ ತಾಯಿಯ ಮಕ್ಕಳು;
ಒಬ್ಬಾಕೆ ಅಲ್ಲಿ ಅಂಜಿಕೆಯ ಮನೆ ತುಂಬಿದಳು,
ಇನ್ನೊಬ್ಬಾಕೆ ಇಲ್ಲಿ, ಹಿಗ್ಗಿನ ಮನೆ.

ಕತ್ತರಿ ನಿಂತಿತು.
‘ಎದುರಿಗೆ ಟಾಕೀಸ್ ಇದ್ದಾಗ
ದೆವ್ವದ ಪಿಚ್ಚರ್ ಬಿಟ್ಟ ಕೂಡ್ಲೆ ಸೀದಾ ಇಲ್ಲಿ ಬಂದು ಕೂಡೋರು,
ಹೆಡಕಿನ ಕೂದ್ಲ ಇನ್ನೂ ಮಲಗಿರತಿದ್ದಿಲ್ಲ.
ಶಕ್ತಿನಗರದ ಸಾಬಣ್ಣಂದು ಕೇಳ್ರಿ:
ಕಳಕೊಂಡಿದ್ದ ತಮ್ಮ ಹನ್ನೊಂದು ವರ್ಷದ ಮ್ಯಾಲ ಫೋನ್ ಮಾಡಿದ,
ಇದೇ ಕುರ್ಚಿಮ್ಯಾಲಿದ್ದ, ಅರ್ಧ ಗಡ್ಡ ಆಗಿತ್ತು.
ಅವನವೂ ಹಂಗ ಎದ್ವು.
ಹಿಂದಿಂದ ನನಗ ಫರಕ್ ತಿಳಿಲಿಲ್ಲ ಸರ್.
ಕನ್ನಡಿಯೊಳಗ ಮಾರಿ ನೋಡ್ಬೇಕಾತು.
ನೋಡಿದ್ರೂ ಲಗೂನ ತಿಳಿಲಿಲ್ಲ.’

ದೊಡ್ಡಾಸ್ಪತ್ರೆಯ ಕಾರಿಡಾರು, ಬೆಳಗಿನ ಜಾವ ನಾಲ್ಕು,
ನರ್ಸು ಬಾಗಿಲು ಸರಿಸಿ ನನ್ನ ಹೆಸರು ಕರೆದಳು.
ಮುಂದಿನ ಮಾತು ಆಕೆಯ ಬಾಯಿಗೆ ಇನ್ನೂ ಬಂದಿರಲಿಲ್ಲ.
ಆ ನಡುವೆ ನನ್ನ ಮುಂಗೈ ಮೇಲೆ ಎದ್ದು ನಿಂತದ್ದು
ಯಾವ ಮನೆಗೆ ಸೇರಿದ್ದು?
ಇದನ್ನು ಪಂಪಣ್ಣನಿಗೆ ಹೇಳಲಿಲ್ಲ.

ಅವನು ನೀರು ಚಿಮುಕಿಸಿದ,
ಬ್ಲೇಡು ಎರಡಾಗಿ ಮುರಿದು ಒಂದನ್ನು ಏರಿಸಿದ.
ಹೊರಗೆ ಸೂರ್ಯ ಮುಳುಗಿದರೂ ಆರದ ಹಂಚು, ರಾಯಚೂರು.
‘ಯಾಕ್ರಿ ಸರ್,’ ಬೆರಳು ಹೆಡಕಿನ ಮೇಲೆ ತಡೆಯಿತು,
‘ಚಳಿ ಆತೇನ್ರಿ?’

ಕನ್ನಡಿಯಲ್ಲಿ ಅವನು ನನ್ನ ಮಾರಿ ನೋಡುತ್ತಿದ್ದ.