ಕೋಳಿಗೂಡಿನ ಚಿಲಕ

ಚಿಲಕ ಬಿಚ್ಚುವುದಕ್ಕೇ ಅರ್ಧ ಗಂಟೆ ಹಿಡಿಯಿತು.
ಎಪ್ಪತ್ತು ವರ್ಷಕ್ಕೂ ಮೀರಿದ ಬಣ್ಣ, ಹಿಕ್ಕೆ, ತುಕ್ಕು ತಿಂದ ಮೊಳೆ.
ತುಕ್ಕು ಮೊಳೆಗಷ್ಟೇ. ಒರೆಸಿದರೆ ಚಿಲಕ
ನಿನ್ನೆ ತೊಳೆದಿಟ್ಟ ಚಮಚದ ಹಾಗಿತ್ತು.
ಬಾಗಿಲಿಗೆ ನೀಲಿ ಹುರಿ ಬಿಗಿದು
ಕೋಳಿಗಳಿಗೆ ಸಂಜೆಗೆ ಬರ್ತೀನಿ ಅಂದು
ಅದನ್ನು ಚೀಸ್ ಬ್ರೆಡ್ಡಿನ ಜೊತೆ ಚೀಲಕ್ಕೆ ಹಾಕಿಕೊಂಡೆ.

ಅಪ್ಪನಿಗೆ ಆಗ ಹನ್ನೊಂದು.
ಯುದ್ಧದ ಕೊನೆಯ ಚಳಿಗಾಲ. ಡರ್ಬಿಶೈರಿನ ಗುಡ್ಡಗಳ ಮೇಲೆ
ಮೋಡ ಕವುಚಿ ಬಿದ್ದ ಒಂದು ರಾತ್ರಿ
ದೊಡ್ಡ ಬಾಂಬರ್ ಒಂದು, ನಾಲ್ಕು ಎಂಜಿನ್,
ತನ್ನ ನೆಲ ಹುಡುಕುತ್ತ ಇಳಿದು ಇಳಿದು
ನಮ್ಮ ಗುಡ್ಡವನ್ನು ಮುಟ್ಟಿತು.
ಕಾವಲಿನ ಸೈನಿಕ ಚಹಾಕ್ಕೆಂದು ಕೆಳಗೆ ಬಂದಾಗ
ಅಪ್ಪ ಮೇಲೆ ಹತ್ತಿದ. ಏನು ಕಂಡೆ ಎಂದು
ಸಾಯುವ ತನಕ ಹೇಳಲಿಲ್ಲ.
ತಂದದ್ದನ್ನು ಮಾತ್ರ ತೋರಿಸುತ್ತಿದ್ದ:
ಗೇಣಿಗೆ ಎರಡು ಬೆರಳು ಕಡಿಮೆ, ಎರಡು ತೂತು, ಐದು ಅಂಕಿ.
ನಾಲ್ಕು ಎಂಜಿನ್, ಅನ್ನುತ್ತಿದ್ದ, ನಾಲ್ಕು ಬೆರಳೆತ್ತಿ.

ದಾರಿ ತೋರಿಸಲು ಬಂದವನು ಬ್ಯಾಗ್‌ಷಾ ಮನೆಯ ಜೂಡ್, ಹದಿನಾರರವ.
ಅವನ ಫೋನಿನಲ್ಲಿ ನಾವೊಂದು ನೀಲಿ ಚುಕ್ಕಿ,
ವಿಮಾನ ಒಂದು ಕೆಂಪು ಚುಕ್ಕಿ,
ನಡುವೆ ಖಾಲಿ.
ಖಾಲಿ ಅಂದರೇನು ಅಂತ ಕಾಲಿಗೆ ಗೊತ್ತಾಯಿತು:
ಸಾವಿರಾರು ವರ್ಷದ ಪಾಚಿ ಕೊಳೆತು ಕಪ್ಪಾದ ಜವುಗು,
ಮೊಣಕಾಲವರೆಗೆ ನುಂಗಿ, ಸ್ವಲ್ಪ ಯೋಚಿಸಿ,
ಬೂಟು ಇಟ್ಟುಕೊಂಡು ಕಾಲು ವಾಪಸು ಕೊಡುತ್ತದೆ.
ಹೆದರ್ ಪೊದೆಯಿಂದ ಗ್ರೌಸ್ ಹಕ್ಕಿಯೊಂದು ಪುರ್ರನೆ ಎದ್ದು
ಹೋಗ್ ಹೋಗ್ ಹೋಗ್ ಎಂದು ಬೈದು
ಹತ್ತು ಮಾರು ಆಚೆ ಕೂತಿತು.
ಅದು ಎಲ್ಲರಿಗೂ ಹಾಗೇ ಅನ್ನುತ್ತೆ, ಅಂದ ಜೂಡ್.

ಕೆಂಪು ಚುಕ್ಕಿಯ ಮೇಲೆ ನಿಂತೆವು. ಅಲ್ಲೊಂದು ಕುರಿ ಇತ್ತು.
ಮಂಜು ಬಂದು ಕುರಿಯನ್ನೂ ಅಳಿಸಿತು.

ಹುಡುಕಿ ಸೋತು, ಬ್ರೆಡ್ಡು ಬಿಚ್ಚೋಣ ಎಂದು ಕೂತಲ್ಲೇ,
ತೊರೆ ಕೊರೆದ ಕಮರಿಯಲ್ಲಿ, ಸಿಕ್ಕಿತು:
ರೆಕ್ಕೆಯ ಪಕ್ಕೆಲುಬು. ಮಡಿಚಿದ ಚಕ್ರದ ಕಾಲು.
ಎಂಜಿನ್ನಿನ ಕೊಳವೆಯಲ್ಲಿ ಮಳೆನೀರು, ನೀರಲ್ಲಿ ಕಪ್ಪೆಮೊಟ್ಟೆ.
ಎಣ್ಣೆ ಉರಿದ ಜಾಗ ಇವತ್ತಿಗೂ ಬೋಳು, ಹಾಸಿಗೆಯಷ್ಟಗಲ.
ಹುಲ್ಲು ಅದರ ಅಂಚಿಗೆ ಬಂದು ನಿಂತಿತ್ತು,
ಸೂತಕದ ಮನೆಯ ಹೊಸ್ತಿಲಲ್ಲಿ ನಿಂತ ನೆಂಟರ ಹಾಗೆ.
ಯಾರೋ ಊರಿದ ಪುಟ್ಟ ಮರದ ಶಿಲುಬೆ,
ಅದಕ್ಕೆ ಸಿಕ್ಕಿಸಿದ ಕಾಗದದ ಗಸಗಸೆ ಹೂವು,
ಕೆಂಪೆಲ್ಲ ತೊಳೆದುಹೋಗಿ ಒಸಡಿನ ಬಣ್ಣ.

ಜೂಡ್ ಎಣಿಸಿದ. ಇನ್ನೊಮ್ಮೆ ಎಣಿಸಿದ.
"ಎರಡೇ ಎಂಜಿನ್, ಮಿಸೆಸ್ ಹೀತ್‌ಕೋಟ್."
ಕಮರಿಯ ಕೆಳಗೆ ನೋಡಿದೆವು, ಮೇಲೆ ನೋಡಿದೆವು. ಎರಡೇ.

ಒಂದೋ, ಇದು ನಮ್ಮದಲ್ಲ.
ಈ ಗುಡ್ಡದ ತುಂಬ ಬಿದ್ದವುಗಳೇ; ಯಾವುದೋ ಬೇರೆ ರಾತ್ರಿ,
ಬೇರೆ ತಾಯಂದಿರ ಮಕ್ಕಳು.
ಇಲ್ಲವೇ, ಹನ್ನೊಂದರ ಹುಡುಗ
ಕಂಡದ್ದನ್ನು ಹೇಳಲಾರದೆ
ಹೇಳಬಹುದಾದ ಒಂದನ್ನು ಇಮ್ಮಡಿ ಮಾಡಿದ್ದ.

ಚಿಲಕ ತೆಗೆದು ಅಲ್ಲಿ ಇಲ್ಲಿ ಇಟ್ಟು ನೋಡಿದೆ,
ಗುಂಡಿಯೊಂದು ಸಿಕ್ಕಿ ಅಂಗಿ ಹುಡುಕುವವಳ ಹಾಗೆ.
ಒಂದು ಕಡೆ ತೂತಿಗೆ ತೂತು ಕೂಡಿದಂತೆ ಅನಿಸಿತು.
ಕೂಡಲಿಲ್ಲ.
"ಇಲ್ಲೇ ಬಿಟ್ಬಿಡಿ, ಯಾರದಾದ್ರೇನು?"
ಹೌದು, ಯಾರದಾದರೇನು.
ಆದರೆ ಅಂಕಿಗಳಿದ್ದವು ಅದರ ಮೇಲೆ.
ಯಾವುದೋ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ
ಯಾರೋ ಒಬ್ಬಳು ಒಂದೊಂದಾಗಿ ಒತ್ತಿದ್ದು.
ಏಳು ಕೊಂಚ ವಾಲಿತ್ತು. ನಿದ್ದೆ ಬಂದಿರಬೇಕು.

ಬ್ರೆಡ್ಡು ತಿಂದು ಇಳಿದೆವು.

ದಿನವಿಡೀ ಕೂಡಿಹಾಕಿದ್ದಕ್ಕೆ ಕೋಳಿಗಳು ಮುನಿದಿದ್ದವು.
ಟಾರ್ಚನ್ನು ಹಲ್ಲಲ್ಲಿ ಕಚ್ಚಿ, ಹೊಸ ಮೊಳೆ ಹೊಡೆದೆ.
ಹಲಗೆಯಲ್ಲಿ ಅದರ ಆಕಾರದ್ದೇ ಒಂದು ತಗ್ಗು;
ಅಲ್ಲಿ, ಕೇಳದೆಯೇ ಕೂತುಕೊಂಡಿತು.
ಠಕ್.

ಮಲಗುವ ಮುಂಚೆ ಅಪ್ಪ ದಿನಾ ಇದನ್ನೆಳೆದು
ಕೈ ತೆಗೆಯದೆ ಹಾಗೇ ನಿಂತಿರುತ್ತಿದ್ದ.
ನರಿ ಬಂದಿದೆಯಾ ಅಪ್ಪಾ, ಅಂತ ಕಿಟಕಿಯಿಂದ ಕೂಗುತ್ತಿದ್ದೆ.
ಇಲ್ಲ, ಅನ್ನುತ್ತಿದ್ದ.
ಎಣಿಸ್ತಾ ಇದೀನಿ.